ಮೆಂಟರ್ ಹತ್ತಿರ ಕೆಲಸ ಕೇಳುವುದು ಯಾವಾಗ?

ಪ್ರಶ್ನೆ: ವಿಶ್ವವಿದ್ಯಾಲಯದ ಮೆಂಟರಿಂಗ್ ಕಾರ್ಯಕ್ರಮದಲ್ಲಿ ನನಗೆ ಮೆಂಟರ್ ಆಗಿ, ಅಂದರೆ ಮಾರ್ಗದರ್ಶಕರಾಗಿ, ದೊಡ್ಡ ಕಂಪನಿಯ ವೈಸ್ ಪ್ರೆಸಿಡೆಂಟ್ ಒಬ್ಬರು ಸಿಕ್ಕಿದ್ದಾರೆ. ಎರಡು ಸಲ ಮಾತಾಡಿದ್ದೇವೆ. ಅವರ ಕಂಪನಿಯಲ್ಲಿ ಕೆಲಸ ಕೊಡಿಸಿ ಎಂದು ಯಾವಾಗ ಕೇಳಬಹುದು?

ಬಂತು ನೋಡಿ, ಈ ವರ್ಷವೂ ಬಂತು. ಉತ್ತರ ಚಿಕ್ಕದು: ಕೇಳಬೇಡಿ. ಆದರೆ ಅಷ್ಟು ಹೇಳಿ ಸುಮ್ಮನಾದರೆ ಮುಂದಿನ ವಾರ ಅದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತದೆ. "ಬಾಯಿಬಿಟ್ಟು ಕೇಳಲ್ಲ ಮೇಡಂ, ಸುಮ್ನೆ ರೆಸ್ಯೂಮ್ ಕಳಿಸ್ತೀನಿ. ಅವರಿಗೇ ಅರ್ಥ ಆಗುತ್ತೆ ಅಲ್ವಾ?" ಆಗುತ್ತದೆ. ಚೆನ್ನಾಗಿಯೇ ಅರ್ಥ ಆಗುತ್ತದೆ. ತೊಂದರೆ ಇರುವುದೇ ಅಲ್ಲಿ.

ಈ ಪ್ರಶ್ನೆಯ ಬೇರಿನಲ್ಲಿ ಒಂದು ಗಟ್ಟಿ ನಂಬಿಕೆ ಕೂತಿದೆ: ಹುದ್ದೆ ದೊಡ್ಡದಾದಷ್ಟೂ ವಶೀಲಿ ದೊಡ್ಡದು. ಇದನ್ನು ಕೀಳಲು ನಾನು ವರ್ಷಗಟ್ಟಲೆ ಒದ್ದಾಡಿದ್ದೇನೆ. ಇನ್ನೊಮ್ಮೆ ಒದ್ದಾಡುತ್ತೇನೆ.

ದೊಡ್ಡ ಕಂಪನಿಯಲ್ಲಿ ಹೊಸಬರನ್ನು ತೆಗೆದುಕೊಳ್ಳುವ ವಿಷಯ ಸಾಮಾನ್ಯವಾಗಿ ವೈಸ್ ಪ್ರೆಸಿಡೆಂಟ್ ಮೇಜಿನ ತನಕ ಹೋಗುವುದೇ ಇಲ್ಲ. ಅದಕ್ಕೆ ಎಚ್‌ಆರ್ ಇದೆ, ಪರೀಕ್ಷೆ ಇದೆ, ಸಂದರ್ಶನ ಮಾಡುವ ಟೀಮ್ ಲೀಡ್‌ಗಳು ಇದ್ದಾರೆ. ಎಷ್ಟು ಜನ ಬೇಕು, ಎಷ್ಟು ಹಣ ಇಡಬೇಕು ಎಂಬ ಲೆಕ್ಕ ಅವರ ಹತ್ತಿರ ಬರಬಹುದು. ಹೆಸರುಗಳು ಬರುವುದಿಲ್ಲ. ನಿಮ್ಮ ರೆಸ್ಯೂಮ್ ಅವರಿಗೆ ತಲುಪಿದರೆ ಅವರು ಹೆಚ್ಚೆಂದರೆ ಎಚ್‌ಆರ್‌ಗೆ ದಾಟಿಸುತ್ತಾರೆ. ಅಲ್ಲಿಂದ ಮುಂದೆ ಎಲ್ಲರ ಜೊತೆ ನೀವೂ ಸಾಲಿನಲ್ಲೇ.

"ಅವರು ಮನಸ್ಸು ಮಾಡಿದರೆ ಆಗುತ್ತೆ" ಎನ್ನುತ್ತೀರಿ. ಸರಿ, ಮಾಡಿದರು ಎಂದೇ ಇಟ್ಟುಕೊಳ್ಳೋಣ. ಅಷ್ಟು ಮೇಲಿನವರ ಬಾಯಿಂದ ಒಂದು ಹೆಸರು ಬಂದರೆ ಕೆಳಗಿನವರಿಗೆ ಅದು ಆಜ್ಞೆಯ ಹಾಗೆ ಕೇಳಿಸುತ್ತದೆ. ಇದು ಅವರಿಗೂ ಗೊತ್ತು. ಅದಕ್ಕೇ ಹುದ್ದೆ ಏರಿದಷ್ಟೂ ನಾಲಿಗೆ ಬಿಗಿಯಾಗುತ್ತದೆ. ಅದನ್ನೂ ದಾಟಿ ನೀವು ಒಳಗೆ ಹೋದಿರಿ ಅಂದುಕೊಳ್ಳಿ. ಮೊದಲ ದಿನದಿಂದಲೇ ನೀವು "ಅವರ ಕಡೆಯವರು". ಒಳ್ಳೆ ಕೆಲಸ ಮಾಡಿದರೂ ಆ ಹೆಸರು ಬೇಗ ಹೋಗುವುದಿಲ್ಲ.

ಇನ್ನೊಂದು ಮಾತು, ಸ್ವಲ್ಪ ಕಹಿ. ಮೆಂಟರ್ ನಿಮ್ಮ ಮಾತು ಕೇಳಿದ್ದಾರೆ, ಕೆಲಸ ನೋಡಿಲ್ಲ. ತನ್ನ ಹೆಸರನ್ನು ಪಣಕ್ಕಿಟ್ಟು ಇನ್ನೊಬ್ಬರನ್ನು ಮೇಲಕ್ಕೆ ತರುವವರಿಗೆ ಕಂಪನಿಗಳಲ್ಲಿ ಸ್ಪಾನ್ಸರ್ ಎನ್ನುತ್ತಾರೆ. ಅವರು ಸಿಗುವುದು ನೀವು ಕೆಲಸಕ್ಕೆ ಸೇರಿ, ಮಾಡಿ ತೋರಿಸಿದ ಮೇಲೆ. ಎರಡು ವಿಡಿಯೋ ಕಾಲ್ ಮುಗಿಸಿ ಮೆಂಟರನ್ನೇ ಸ್ಪಾನ್ಸರ್ ಮಾಡಿಕೊಳ್ಳಲು ಹೊರಟರೆ ಆ ಕಡೆಯವರು ಮೂರನೇ ಕಾಲ್‌ಗೆ ಬಿಡುವು ಮಾಡಿಕೊಳ್ಳುವುದಿಲ್ಲ. "ಮೆಂಟರ್ ಮೇಲ್‌ಗೆ ಉತ್ತರ ಕೊಡ್ತಿಲ್ಲ" ಎಂದು ನನ್ನ ಹತ್ತಿರ ದೂರು ತರುವವರಿಗೆ ನಾನು ಮೊದಲು ಹೇಳುವುದು, ಕೊನೆಗೆ ಕಳಿಸಿದ ಮೇಲ್ ತೋರಿಸಿ ಎಂದು. ಹೆಚ್ಚಿನ ಸಲ ಅಲ್ಲೇ ಉತ್ತರ ಇರುತ್ತದೆ, ಪಿಡಿಎಫ್ ರೂಪದಲ್ಲಿ.

ಹಾಗಾದರೆ ಪರಿಚಯದಿಂದ ಯಾರಿಗೂ ಕೆಲಸ ಸಿಗುವುದೇ ಇಲ್ಲವಾ? ಸಿಗುತ್ತದೆ. ಆದರೆ ನೀವು ಅಂದುಕೊಂಡ ದಾರಿಯಲ್ಲಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರ್ಯಾನೊವೆಟ್ಟರ್ 1973ರಲ್ಲಿ ಒಂದು ಲೇಖನ ಬರೆದರು. ಬಾಸ್ಟನ್ ಪಕ್ಕದ ಊರೊಂದರಲ್ಲಿ ಆಗಷ್ಟೇ ಕೆಲಸ ಬದಲಿಸಿದ್ದವರನ್ನು ಅವರು ವಿಚಾರಿಸಿದ್ದರು. ಪರಿಚಯದಿಂದ ಕೆಲಸ ಸಿಕ್ಕಿದವರಿಗೆ ಕೇಳಿದ್ದು ಇಷ್ಟು: ಆ ಪರಿಚಯದವರನ್ನು ಎಷ್ಟು ಸಲ ನೋಡುತ್ತಿದ್ದಿರಿ? ಆಗಾಗ ನೋಡುತ್ತಿದ್ದೆವು ಎಂದವರು ಶೇ. 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಎಂದವರು ಶೇ. 55.6. ನೋಡುತ್ತಿದ್ದುದೇ ತೀರಾ ಕಡಿಮೆ ಎಂದವರು ಶೇ. 27.8. ಕಾರಣ ಸರಳ. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಿಮಗೂ ಗೊತ್ತಿರುತ್ತದೆ. ದೂರದವರು ಬೇರೆ ಜನರ ನಡುವೆ ಓಡಾಡುತ್ತಾರೆ, ಬೇರೆ ಸುದ್ದಿ ತರುತ್ತಾರೆ.

ಸುದ್ದಿ. ಈ ಪದ ಹಿಡಿದುಕೊಳ್ಳಿ. ನಿಮ್ಮ ಮೆಂಟರ್ ಹತ್ತಿರ ಧಾರಾಳವಾಗಿ ಇರುವುದು ಅದೇ. ಯಾವ ವಿಭಾಗ ಬೆಳೆಯುತ್ತಿದೆ, ಯಾವ ಕೌಶಲಕ್ಕೆ ಜನ ಸಿಗುತ್ತಿಲ್ಲ, ಸೇರಿದ ಮೊದಲ ವರ್ಷ ಹೊಸಬರು ಎಲ್ಲಿ ಎಡವುತ್ತಾರೆ. ಇವನ್ನು ಕೇಳಿ. ರೆಸ್ಯೂಮ್ ಕೂಡ ತೋರಿಸಿ, ಪರವಾಗಿಲ್ಲ. ಆದರೆ "ಯಾವ ಸಾಲು ಓದಿ ನಿಮಗೆ ಅನುಮಾನ ಬಂತು?" ಎಂದು ಕೇಳಲು ತೋರಿಸಿ. ಕೊನೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಇರಲಿ: "ಇದರ ಬಗ್ಗೆ ಇನ್ಯಾರ ಹತ್ತಿರ ಮಾತಾಡಲಿ?"

ಮೆಂಟರ್ ಎಂಬುದು ಮೊದಲಿಗೆ ಒಬ್ಬನ ಹೆಸರು, ಗೊತ್ತಾ? ಹಳೆಯ ಗ್ರೀಕ್ ಕಾವ್ಯದಲ್ಲಿ ಒಡಿಸ್ಸಿಯಸ್ ಯುದ್ಧಕ್ಕೆ ಹೋಗುವಾಗ ಮನೆಯನ್ನು ಗೆಳೆಯ ಮೆಂಟರ್‌ಗೆ ಒಪ್ಪಿಸಿ ಹೋಗುತ್ತಾನೆ. ಮುಂದೆ ಮಗ ಟೆಲಿಮಾಕಸ್ ಅಪ್ಪನ ಸುಳಿವು ಹುಡುಕಿ ಹೊರಟಾಗ ಅಥೀನಾ ದೇವಿ ಮೆಂಟರ್ ರೂಪದಲ್ಲಿ ಜೊತೆಗೆ ಬರುತ್ತಾಳೆ. ಮುದಿ ರಾಜ ನೆಸ್ಟರ್ ಎದುರು ಹುಡುಗನ ಕಾಲು ನಡುಗುತ್ತದೆ. ಹಿರಿಯರನ್ನು ಹೇಗೆ ಮಾತಾಡಿಸಲಿ ಎನ್ನುತ್ತಾನೆ. ಅಥೀನಾ ಹಡಗು, ಜನ ಎಲ್ಲ ಹೊಂದಿಸಿ ಕೊಟ್ಟವಳು. ಆದರೂ ಅವನ ಪರವಾಗಿ ಕೇಳುವುದಿಲ್ಲ. ನಾಚಬೇಡ, ನೀನೇ ಕೇಳು ಎನ್ನುತ್ತಾಳೆ. ನೆಸ್ಟರ್‌ಗೆ ಅಪ್ಪ ಎಲ್ಲಿದ್ದಾನೆ ಎಂದು ಗೊತ್ತಿರುವುದಿಲ್ಲ. ಆದರೆ ಇನ್ನೊಬ್ಬ ರಾಜ ಮೆನೆಲಾಸ್‌ನನ್ನು ಕೇಳು ಎಂದು ಕಳಿಸುತ್ತಾನೆ. "ಇನ್ಯಾರ ಹತ್ತಿರ ಮಾತಾಡಲಿ" ಆಗಲೂ ಕೆಲಸ ಮಾಡಿತ್ತು!

ಇಷ್ಟು ಬರೆದ ಮೇಲೆ, ಯಾರೂ ಕೇಳದ ಒಂದು ವಿಷಯ. ಈ ಮೆಂಟರ್-ವಿದ್ಯಾರ್ಥಿ ಜೋಡಿಗಳು ಆಗುವುದು ಹೇಗೆ? 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞರು ಜೋಡಿ ಹೊಂದಿಸಲು ಒಂದು ವಿಧಾನ ಕೊಟ್ಟರು. ನಮ್ಮ ವಿಷಯಕ್ಕೆ ಹೊಂದಿಸಿ ಹೇಳುತ್ತೇನೆ. ಪ್ರತಿ ವಿದ್ಯಾರ್ಥಿ ತನ್ನ ಮೊದಲ ಆಯ್ಕೆಯ ಮೆಂಟರನ್ನು ಕೇಳಬೇಕು. ಮೆಂಟರ್ ತನ್ನನ್ನು ಕೇಳಿದವರಲ್ಲಿ ಹೆಚ್ಚು ಹಿಡಿಸಿದವರನ್ನು ಸದ್ಯಕ್ಕೆ ಇಟ್ಟುಕೊಂಡು ಉಳಿದವರನ್ನು ಬಿಡಬೇಕು. ಬಿಟ್ಟವರು ಎರಡನೇ ಆಯ್ಕೆಗೆ ಹೋಗಬೇಕು. ಹೀಗೇ ನಡೆದು ನಿಂತಾಗ, ಸಿಕ್ಕಿದ ಜೋಡಿ ಬಿಟ್ಟು ತಮ್ಮಲ್ಲೇ ಜೋಡಿಯಾಗೋಣ ಎನ್ನುವ ಇಬ್ಬರು ಎಲ್ಲೂ ಉಳಿದಿರುವುದಿಲ್ಲ. ಇದೇ ಜಾಡಿನ ಕೆಲಸಕ್ಕೆ 2012ರಲ್ಲಿ ಶಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ ಅಷ್ಟರಲ್ಲಿ ತೀರಿಕೊಂಡಿದ್ದರು. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಬೇರೆ: ಮೊದಲು ಕೇಳುವ ಕಡೆಯವರಿಗೆ ಆಯ್ಕೆಯಲ್ಲಿ ಸುಳ್ಳು ಹೇಳಿ ಏನೂ ಲಾಭವಿಲ್ಲ.

ನಮ್ಮ ಕಾರ್ಯಕ್ರಮದಲ್ಲಿ ನಾನು ಇದನ್ನೆಲ್ಲ ಎಕ್ಸೆಲ್ ಶೀಟ್ ಮುಂದೆ ಕೂತು ಕೈಯಲ್ಲೇ ಮಾಡುತ್ತೇನೆ. ಫಾರ್ಮಿನಲ್ಲಿ "ಇವರೇ ಯಾಕೆ ಬೇಕು?" ಎಂಬ ಜಾಗ ಇರುತ್ತದಲ್ಲ, ಅಲ್ಲಿ "ದೊಡ್ಡ ಹುದ್ದೆಯಲ್ಲಿದ್ದಾರೆ" ಎಂದು ಬರೆದವರನ್ನು ಕೊನೆಗೆ ಇಡುತ್ತೇನೆ.