ಪಾಲಿಬಿಯಸನ ಜೊತೆಗಿಟ್ಟು ಓದಬೇಕಾದ ‘ಸಲಾಂಬೊ’: ಅಧ್ಯಯನ ಟಿಪ್ಪಣಿ

ಗುಸ್ತಾವ್ ಫ್ಲೊಬೇರ್ ಫ್ರೆಂಚ್ ಭಾಷೆಯಲ್ಲಿ ಬರೆದು 1862ರಲ್ಲಿ ಪ್ರಕಟಿಸಿದ ‘ಸಲಾಂಬೊ’ ಕಾದಂಬರಿಯ ಕತೆ ನಡೆಯುವುದು ಇಂದಿನ ಟ್ಯುನೀಶಿಯದ ಕರಾವಳಿಯಲ್ಲಿದ್ದ ಕಾರ್ಥೇಜ್ ನಗರದಲ್ಲಿ, ಅದರ ಬಾಡಿಗೆ ಸೈನಿಕರು ಕ್ರಿ.ಪೂ. 241ರ ಸುಮಾರಿಗೆ ದಂಗೆಯೆದ್ದ ಕಾಲದಲ್ಲಿ. ಈ ದಂಗೆಯ ವಿವರ ಮುಖ್ಯವಾಗಿ ದೊರೆಯುವುದು ಗ್ರೀಕ್ ಇತಿಹಾಸಕಾರ ಪಾಲಿಬಿಯಸನ ಇತಿಹಾಸಗ್ರಂಥದ ಮೊದಲ ಸಂಪುಟದಲ್ಲಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದಾಗಲೇ ಕಾದಂಬರಿಕಾರ ಎಲ್ಲಿ ದಾಖಲೆಯನ್ನು ಅನುಸರಿಸಿದ್ದಾನೆ, ಎಲ್ಲಿ ಅದನ್ನು ಬಿಟ್ಟು ತನ್ನ ದಾರಿ ಹಿಡಿದಿದ್ದಾನೆ ಎಂಬುದು ತಿಳಿಯುತ್ತದೆ.

ದಂಗೆಯ ಮೂಲದಲ್ಲಿದ್ದುದು ಹಣ. ರೋಮಿನೊಂದಿಗೆ ನಡೆದ ಮೊದಲ ಪ್ಯೂನಿಕ್ ಯುದ್ಧದಲ್ಲಿ ಸೋತ ಕಾರ್ಥೇಜ್ ಆ ರೋಮಿಗೆ 3,200 ಟ್ಯಾಲೆಂಟ್ (ಅಂದಿನ ಒಂದು ತೂಕ) ಬೆಳ್ಳಿ ಕೊಡಬೇಕಾಗಿತ್ತು. ಸಿಸಿಲಿಯಿಂದ ಮರಳಿದ ಸುಮಾರು 20,000 ಸೈನಿಕರ ಸಂಬಳವೂ ಬಾಕಿಯಿತ್ತು. ಖರ್ಚಿಗೆಂದು ತಲೆಗೊಂದು ಚಿನ್ನದ ನಾಣ್ಯ ಕೊಟ್ಟು ಅವರನ್ನು ಸಿಕ್ಕಾ ಎಂಬ ಊರಿಗೆ ಸಾಗಹಾಕಿದ ಆಡಳಿತಗಾರರು, ಬಾಕಿಯಲ್ಲಿ ಒಂದು ಪಾಲನ್ನು ಬಿಟ್ಟುಕೊಡಿರೆಂದು ಕೇಳಲು ಹ್ಯಾನೊ ಎಂಬ ಸೇನಾನಿಯನ್ನು ಅಲ್ಲಿಗೇ ಕಳುಹಿಸಿದರು. ಸೈನಿಕರು ತಿರುಗಿಬಿದ್ದರು. ಲಿಬಿಯನ್ನನಾದ ಮಾಥೊ ಮತ್ತು ರೋಮನ್ನರಿಂದ ತಪ್ಪಿಸಿಕೊಂಡು ಬಂದ ಗುಲಾಮ ಸ್ಪೆಂಡಿಯಸ್ ಅವರ ನಾಯಕರಾದರು. ಯುದ್ಧಕಾಲದಲ್ಲಿ ಬೆಳೆಯ ಅರ್ಧವನ್ನೇ ಕಂದಾಯವಾಗಿ ಕಳೆದುಕೊಂಡಿದ್ದ ಸುತ್ತಲಿನ ಲಿಬಿಯನ್ ರೈತರೂ ದಂಗೆಗೆ ಸೇರಿದರು. ಅವರ ಹೆಂಗಸರು ಮೈಮೇಲಿನ ಒಡವೆಗಳನ್ನು ತೆಗೆದು ಸೈನಿಕರ ಸಂಬಳಕ್ಕೆ ಕೊಟ್ಟರೆಂದು ಪಾಲಿಬಿಯಸ್ ಬರೆಯುತ್ತಾನೆ. ಕಾದಂಬರಿಯ ವೈಭವದ ವರ್ಣನೆಗಳಲ್ಲಿ ಮುಳುಗಿದವರು ಈ ಕಂದಾಯದ ಸಂಗತಿಯನ್ನು ಮರೆಯುವ ಸಂಭವ ಹೆಚ್ಚು.

ಇನ್ನು ನಾಯಕಿಯ ವಿಷಯ. ನರವಾಸ್ ಎಂಬ ನ್ಯುಮಿಡಿಯನ್ ರಾಜಕುಮಾರ ದಂಗೆಕೋರರನ್ನು ಬಿಟ್ಟು ತನ್ನ ಕಡೆಗೆ ಬಂದಾಗ, ನಿಷ್ಠನಾಗಿದ್ದರೆ ಮಗಳನ್ನು ಕೊಡುವೆನೆಂದು ಕಾರ್ಥೇಜಿನ ದಂಡನಾಯಕ ಹಮಿಲ್ಕಾರ್ ಬಾರ್ಕಾ ಮಾತು ಕೊಟ್ಟನೆಂದು ಪಾಲಿಬಿಯಸ್ ಹೇಳುತ್ತಾನೆ. ಆ ಮಗಳ ಹೆಸರನ್ನೂ ಅವನು ಬರೆದಿಲ್ಲ. ಹೆಸರಿಲ್ಲದ ಆ ಹುಡುಗಿಯೇ ಫ್ಲೊಬೇರನ ಸಲಾಂಬೊ. ಮಾಥೊ ಅವಳಿಗೆ ಮನಸೋಲುವುದು, ತಾನಿತ್ ದೇವತೆಯ ಪವಿತ್ರ ವಸ್ತ್ರವನ್ನು ಕದಿಯುವುದು, ಅದನ್ನು ಮರಳಿ ತರಲು ಅವಳು ಶತ್ರುವಿನ ಡೇರೆಗೇ ಹೋಗುವುದು, ಇವೆಲ್ಲ ಕಲ್ಪನೆ.

ಯುದ್ಧದ ಪ್ರಸಂಗಗಳಲ್ಲಿ ಮಾತ್ರ ದಾಖಲೆಯ ಆಸರೆ ಗಟ್ಟಿಯಾಗಿದೆ. ಮಕಾರ್ ನದಿಯ ಒಂದೇ ಸೇತುವೆಯನ್ನು ದಂಗೆಕೋರರು ಕಾಯುತ್ತಿದ್ದರು. ಗಾಳಿ ಒಂದು ದಿಕ್ಕಿನಿಂದ ಬೀಸಿದಾಗ ಅಳಿವೆಯಲ್ಲಿ ಮರಳು ತುಂಬಿ ನಡೆದು ದಾಟುವಷ್ಟು ದಾರಿಯಾಗುತ್ತದೆಂಬುದನ್ನು ಗಮನಿಸಿದ್ದ ಹಮಿಲ್ಕಾರ್, ಆ ಗಾಳಿಗಾಗಿ ಕಾದು, ಸುಮಾರು 10,000 ಸೈನಿಕರನ್ನೂ 70 ಆನೆಗಳನ್ನೂ ಕರೆದುಕೊಂಡು ರಾತ್ರೋರಾತ್ರಿ ಹೊಳೆ ದಾಟಿದ. ಕಾದಂಬರಿಯ ಅತಿ ಸಾಹಸಮಯ ಸನ್ನಿವೇಶಗಳಲ್ಲೊಂದಾದ ಇದು ಪಾಲಿಬಿಯಸನಲ್ಲೂ ಇದೆ. 1858ರಲ್ಲಿ ಲೇಖಕ ಟ್ಯುನೀಶಿಯಕ್ಕೆ ಹೋಗಿ ಆ ನೆಲವನ್ನು ಕಣ್ಣಾರೆ ಕಂಡುಬಂದದ್ದರ ಫಲ ಇಂಥ ಕಡೆ ಕಾಣುತ್ತದೆ ಎಂದು ನನ್ನ ಅನಿಸಿಕೆ.

ಆದರೆ ಊರಿಗೆ ನೀರು ತರುವ ಎತ್ತರದ ಕಾಲುವೆಯ ವಿಷಯದಲ್ಲಿ ಎಚ್ಚರ ಬೇಕು. ಮಾಥೊ ಮತ್ತು ಸ್ಪೆಂಡಿಯಸ್ ನಗರದೊಳಕ್ಕೆ ನುಸುಳುವುದು ಈ ಕಾಲುವೆಯ ಮೂಲಕ. ಮುಂದೆ ಸ್ಪೆಂಡಿಯಸ್ ಅದನ್ನೇ ಒಡೆದಾಗ ನಗರ ಬಾಯಾರಿ ಕಂಗೆಡುತ್ತದೆ. ಈಗ ಅಲ್ಲಿ ಉಳಿದಿರುವ ಕಾಲುವೆಯ ಅವಶೇಷ ಕ್ರಿ.ಶ. 2ನೇ ಶತಮಾನದ ರೋಮನ್ನರದು. ವಿಮರ್ಶಕ ಸೇಂತ್-ಬೂವ್‌ಗೆ ಬರೆದ ಉತ್ತರದಲ್ಲಿ ಕತೆಯ ಕಾಲದಲ್ಲಿ ಅಂಥ ಕಾಲುವೆ ಇರಲಿಲ್ಲವೆಂಬುದನ್ನು ಫ್ಲೊಬೇರನೇ ಹೆಚ್ಚುಕಡಿಮೆ ಒಪ್ಪಿಕೊಂಡಿದ್ದಾನೆ. ಬಾಯಾರಿದ ನಗರ ಮೊಲೊಕ್ ದೇವರಿಗೆ ಮಕ್ಕಳನ್ನು ಬಲಿ ಕೊಡುವ ಅಧ್ಯಾಯಕ್ಕೂ ಪಾಲಿಬಿಯಸನಲ್ಲಿ ಆಧಾರವಿಲ್ಲ. ಅಂಥ ಬಲಿಯನ್ನು ವರ್ಣಿಸುವವನು ಇನ್ನೊಬ್ಬ ಗ್ರೀಕ್ ಇತಿಹಾಸಕಾರ ಡಿಯೊಡೊರಸ್, ಅದೂ ಕ್ರಿ.ಪೂ. 310ರ ಬೇರೊಂದು ಆಕ್ರಮಣದ ಸಂದರ್ಭದಲ್ಲಿ. ಕಾರ್ಥೇಜಿನ ಧರ್ಮದ ಬಗ್ಗೆ ಬರೆಯುವಾಗ ಈ ಅಧ್ಯಾಯವನ್ನು ಸಾಕ್ಷ್ಯವಾಗಿ ಬಳಸಕೂಡದು.

ಸೆರೆಸಿಕ್ಕ ಮಾಥೊನನ್ನು ನಗರದ ಬೀದಿಗಳಲ್ಲಿ ಹಿಂಸಿಸುತ್ತ ಮೆರವಣಿಗೆ ಮಾಡಿದ್ದು ಎರಡರಲ್ಲೂ ಇದೆ. ಅವನ ಸಾವನ್ನು ಕಂಡ ಸಲಾಂಬೊ ತಾನೂ ಕುಸಿದು ಸಾಯುವುದರೊಂದಿಗೆ ಕಾದಂಬರಿ ಮುಗಿಯುತ್ತದೆ. ಇದೇ ಬಿಕ್ಕಟ್ಟಿನ ಲಾಭ ಪಡೆದು ರೋಮ್ ಸಾರ್ಡೀನಿಯ ದ್ವೀಪವನ್ನು ಕಸಿದುಕೊಂಡು ಮೇಲೆ 1,200 ಟ್ಯಾಲೆಂಟ್ ವಸೂಲಿ ಮಾಡಿದ್ದನ್ನು ತಿಳಿಯಲು ಪಾಲಿಬಿಯಸನ ಕಡೆಗೇ ಹೋಗಬೇಕು. ಹಮಿಲ್ಕಾರನ ಮಗ ಹ್ಯಾನಿಬಲ್ ಮುಂದೆ ರೋಮಿನ ಮೇಲೆ ಹೂಡಿದ ಯುದ್ಧಕ್ಕೆ ಅವನು ಕೊಡುವ ಕಾರಣಗಳಲ್ಲಿ ಇದೇ ದೊಡ್ಡದು.