ಬದುವಿನ ಮರ: ಹೋದದ್ದು ಹೇಗೆ, ಮರಳುತ್ತಿರುವುದು ಹೇಗೆ

ಬಯಲುಸೀಮೆಯ ರಾಗಿ ಹೊಲದ ಬದುವಿನಲ್ಲಿ ಹೊಂಗೆ, ಬೇವು, ಹುಣಸೆ ಬೆಳೆಸುವುದು ಹಿಂದಿನಿಂದ ಬಂದ ಪದ್ಧತಿ. ಹೊಂಗೆಯ ರೆಂಬೆ ಸವರಿ ಸೊಪ್ಪನ್ನು ಮಣ್ಣಿಗೆ ಸೇರಿಸುತ್ತಿದ್ದರು. ಕಾಯಿಯಿಂದ ದೀಪದ ಎಣ್ಣೆ, ಉಳಿದ ಹಿಂಡಿಯಿಂದ ಗೊಬ್ಬರ ದೊರೆಯುತ್ತಿತ್ತು. ಈಗ ಅದೇ ಪದ್ಧತಿ ‘ಕೃಷಿ ಅರಣ್ಯ’ವೆಂಬ ಹೆಸರಿನಲ್ಲಿ, ಮಳೆ ಕೈಕೊಡುವ ಕಾಲಕ್ಕೆ ಸಣ್ಣ ರೈತರ ಆಸರೆಯೆಂದು, ಸರ್ಕಾರಿ ಯೋಜನೆಯಾಗಿ ಹಳ್ಳಿಗೆ ಬಂದಿದೆ. ನಡುವೆ ಮರ ಬದುವಿನಿಂದ ಏಕೆ ಸರಿಯಿತು ಎಂಬುದನ್ನು ತಿಳಿಯದೆ ಇಂದಿನ ಯೋಜನೆಯ ತೊಡಕನ್ನು ಅರಿಯಲಾಗದು.

ಮೈಸೂರು ಸೀಮೆಯಲ್ಲಿ 1792ರಲ್ಲಿ ರಾಜವೃಕ್ಷವಾದ, ಎಂದರೆ ಅರಸೊತ್ತಿಗೆಯ ಸ್ವತ್ತಾದ ಶ್ರೀಗಂಧ 2001ರ ಕಾನೂನು ತಿದ್ದುಪಡಿಯವರೆಗೂ ಹೊಲದ ಒಡೆಯನ ಸ್ವತ್ತಾಗಿರಲಿಲ್ಲ. ತನ್ನದಲ್ಲದ ಮರವನ್ನು ಕಾಯುವ ಉತ್ಸಾಹ ಯಾರಿಗಿದ್ದೀತು?

ಎಂಬತ್ತರ ದಶಕದ ಕಥೆ ಬೇರೆ. ಕಾಡಿನಾಚೆಯ ಜಮೀನಿನಲ್ಲೂ ಮರ ಬೆಳೆಸುವ, ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆಯ ಆ ಕಾಲದಲ್ಲಿ ಕೋಲಾರದ ರಾಗಿ ಹೊಲಗಳು ಒಂದೊಂದಾಗಿ ನೀಲಗಿರಿ ತೋಪುಗಳಾದವು. ಆಳುಕಾಳಿನ ಗೊಡವೆಯಿಲ್ಲ, ದನ ಮೇಯುವುದಿಲ್ಲ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಕೊಳ್ಳಲು ಕಾರ್ಖಾನೆಗಳಿವೆ ಎಂಬ ಕಾರಣಗಳು ಹೆಚ್ಚು ಜಮೀನಿದ್ದವರಿಗೆ ಒಪ್ಪುವಂಥವೇ ಆಗಿದ್ದವು. ಆದರೆ ರಾಗಿಯೊಂದಿಗೆ ಕಳೆ ತೆಗೆಯುವ ಕೂಲಿಯೂ ದನಕ್ಕೆ ಬೇಕಾದ ರಾಗಿಹುಲ್ಲೂ ಹೋದವು. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ರೈತರು ಸಸ್ಯಪಾಲನಾ ಕ್ಷೇತ್ರಕ್ಕೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದರು. ಅವರ ವಿರೋಧ ಮರಕ್ಕಿರಲಿಲ್ಲ, ಒಂದೇ ಮರಕ್ಕಿತ್ತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಅಷ್ಟು ತಡವಾಗಬೇಕಿರಲಿಲ್ಲ.

2011–12ರಲ್ಲಿ ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯೂ 2014ರಲ್ಲಿ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯೂ ಬಂದವು. ರಾಜ್ಯದ ಯೋಜನೆಯಲ್ಲಿ ಹಣ ಸಿಗುವುದು ಬದುಕುಳಿದ ಸಸಿಗೆ. ಮೂರು ವರ್ಷಗಳ ಕಂತುಗಳು ಸೇರಿ ಸಸಿಯೊಂದಕ್ಕೆ 125 ರೂಪಾಯಿಯವರೆಗೆ ಏರಿದೆ. ನೆಟ್ಟದ್ದನ್ನು ಲೆಕ್ಕ ಹಾಕುವ ಹಳೆಯ ರೂಢಿಗಿಂತ ಇದು ನಿಜಕ್ಕೂ ಒಳ್ಳೆಯದು. ಆಳಕ್ಕೆ ಬೇರಿಳಿಸಿದ ಹುಣಸೆ, ರಾಗಿ ಕೈಗೆ ಬಾರದ ವರ್ಷವೂ ಒಂದಿಷ್ಟು ಕಾಯಿ ಕೊಡುತ್ತದೆ, ಬಿಸಿಗಾಳಿಯನ್ನೂ ತಡೆಯುತ್ತದೆ. ಆದರೆ ಸಸಿ ಆ ಹಂತ ಮುಟ್ಟಬೇಕಾದರೆ ಮೊದಲ ಎರಡು ಬೇಸಿಗೆ ದಾಟಿ ಬದುಕುಳಿಯಬೇಕು. ಕೊಳವೆಬಾವಿಯಿಲ್ಲದ ಎರಡೆಕರೆಯ ರೈತ ಸಸಿಯ ಪಕ್ಕ ಮಣ್ಣಿನ ಮಡಕೆ ಹೂತು, ತಳದ ತೂತಿಗೆ ಬಟ್ಟೆಯ ಬತ್ತಿ ತುರುಕಿ, ವಾರಕ್ಕೊಮ್ಮೆ ಕೊಡದಲ್ಲಿ ನೀರು ಹೊತ್ತು ತುಂಬುತ್ತಾನೆ. ಬರ ಬಂದು ಸಸಿ ಒಣಗಿದರೆ ಆ ವರ್ಷದ ಕಂತೂ ಇಲ್ಲ, ಮುಂದಿನದೂ ಇಲ್ಲ.