ನಿದ್ದೆ ಕೆಟ್ಟರೆ ಸಕ್ಕರೆ ಏರುತ್ತದಾ?

ಕೊಡಗಿನ ಸಿದ್ದಾಪುರ, ವಿರಾಜಪೇಟೆ ಕಡೆ ತೋಟಕ್ಕೆ ಆನೆ ನುಗ್ಗಿದ ರಾತ್ರಿ ಯಾರಿಗೂ ನಿದ್ದೆಯಿಲ್ಲ. ಪಟಾಕಿ ಹೊಡೆಯಬೇಕು, ನಾಯಿ ಬೊಗಳಿದಾಗಲೆಲ್ಲ ಏಳಬೇಕು. ಫೆಬ್ರವರಿ, ಮಾರ್ಚ್ ಬಂತೆಂದರೆ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವವರು ರಾತ್ರಿಯಲ್ಲೂ ಪೈಪ್ ಬದಲಿಸುತ್ತಾರೆ. ಇವರು ಸಕ್ಕರೆ ಪರೀಕ್ಷೆಗೆ ಹೋದರೆ ಅನ್ನ ಎಷ್ಟು, ಸಿಹಿ ಎಷ್ಟು ಎಂದು ಕೇಳುತ್ತಾರೆ. ನಿದ್ದೆ ಎಷ್ಟು ಎಂದು ಕೇಳುವುದು ಅಪರೂಪ. ಅದನ್ನೂ ಕೇಳಲೇಬೇಕು.

ಷಿಕಾಗೋ ವಿಶ್ವವಿದ್ಯಾಲಯದವರು 1999ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆರೋಗ್ಯವಾಗಿದ್ದ 11 ಯುವಕರಿಗೆ ಆರು ರಾತ್ರಿ ಮಲಗಲು ಕೊಟ್ಟದ್ದು ಬರೀ ನಾಲ್ಕು ಗಂಟೆ. ಆಮೇಲೆ ರಕ್ತಕ್ಕೆ ಗ್ಲೂಕೋಸ್ ಕೊಟ್ಟು ನೋಡಿದರು. ಚೆನ್ನಾಗಿ ನಿದ್ದೆ ಮಾಡಿದ ದಿನಗಳಿಗಿಂತ ಸುಮಾರು ಶೇ 40ರಷ್ಟು ನಿಧಾನವಾಗಿ ಅದು ರಕ್ತದಿಂದ ಕರಗಿತು. ಸಂಜೆಯ ಹೊತ್ತಿಗೆ ಇಳಿಯಬೇಕಾದ ಕಾರ್ಟಿಸೋಲ್ ಕೂಡ ಏರಿಯೇ ಇತ್ತು. ಈ ಹಾರ್ಮೋನು ಜಾಸ್ತಿಯಾದರೆ ಲಿವರ್ ಇನ್ನಷ್ಟು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ರಕ್ತದ ಸಕ್ಕರೆಯನ್ನು ಇಳಿಸುವ ಇನ್ಸುಲಿನ್ ಇದ್ದರೂ ಸ್ನಾಯುಗಳು ಅದರ ಮಾತು ಸರಿಯಾಗಿ ಕೇಳುವುದಿಲ್ಲ.

ನಮ್ಮ ಕಡೆಗೆ ಇನ್ನೂ ಹತ್ತಿರದ್ದು 2008ರ ಪ್ರಯೋಗ. ಅಲ್ಲಿ ಯಾರ ನಿದ್ದೆಯ ಗಂಟೆಯನ್ನೂ ಕಡಿತ ಮಾಡಲಿಲ್ಲ. ಗಾಢ ನಿದ್ದೆಗೆ ಜಾರಿದಾಗ ಮಾತ್ರ, ಪೂರ್ತಿ ಎಚ್ಚರವಾಗದಂತೆ, ಶಬ್ದ ಮಾಡಿ ಕೆದಕಿದರು. ಮೂರೇ ರಾತ್ರಿಯಲ್ಲಿ ಇನ್ಸುಲಿನ್‌ಗೆ ದೇಹ ಸ್ಪಂದಿಸುವುದು ಸುಮಾರು ಶೇ 25ರಷ್ಟು ಕುಸಿಯಿತು. ಅಂದರೆ ಹಾಸಿಗೆಯಲ್ಲಿ ಎಂಟು ಗಂಟೆ ಇದ್ದರೆ ಸಾಲದು. ಕಿವಿ ತೋಟದ ಕಡೆಗೇ ಇದ್ದರೆ ಅದು ಎಂಥ ನಿದ್ದೆ, ಅಲ್ವಾ?

ಇವೆಲ್ಲ ಕೆಲವೇ ಜನರ ಮೇಲೆ, ಕೆಲವೇ ದಿನ ಮಾಡಿದ ಪ್ರಯೋಗಗಳು. ನಾಲ್ಕು ದಿನ ಆನೆ ಕಾದವರಿಗೆ ಸಕ್ಕರೆ ಕಾಯಿಲೆ ಬಂದೇ ಬಿಡುತ್ತದೆ ಎಂದಲ್ಲ. ಆದರೆ ವರ್ಷಗಟ್ಟಲೆ ಜನರನ್ನು ಗಮನಿಸಿದ ಅಧ್ಯಯನಗಳಲ್ಲೂ ಕಡಿಮೆ ನಿದ್ದೆಯವರಲ್ಲಿ ಟೈಪ್ 2 ಡಯಾಬಿಟಿಸ್ ಹೆಚ್ಚು ಕಂಡಿದೆ. ಮನೆತನದಲ್ಲಿ ಕಾಯಿಲೆ ಇದ್ದು, ಸೊಂಟದ ಸುತ್ತ ಬೊಜ್ಜೂ ಇದ್ದವರು ಇದನ್ನು ಹಗುರವಾಗಿ ನೋಡಬಾರದು.

ಕಾವಲು ತಪ್ಪಿಸಲು ಆಗುವುದಿಲ್ಲ, ನಿಜ. ಪಾಳಿ ಮಾಡಿಕೊಳ್ಳಬಹುದು. ಒಬ್ಬರೇ ವಾರವಿಡೀ ಎದ್ದಿರುವುದು ಬೇಡ. ರಾತ್ರಿ ಮಲಗುವವರು ಸಂಜೆಯ ಕಾಫಿ ಬಿಡಲಿ. ಕುಡಿದು ಐದು ಗಂಟೆಯಾದರೂ ಅರ್ಧದಷ್ಟು ಕೆಫೀನ್ ಮೈಯಲ್ಲೇ ಇರುತ್ತದೆ. ಇನ್ನು ಜೋರು ಗೊರಕೆ ಹೊಡೆಯುವವರು, ನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುವವರು ಡಾಕ್ಟರ್ ಹತ್ತಿರ ಹೋಗಲೇಬೇಕು. ಅದು ಸ್ಲೀಪ್ ಆಪ್ನಿಯಾ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಹೋಗುವಾಗ ಪಕ್ಕದಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಿ. ಗೊರಕೆ ಕೇಳಿದವರು ಅವರೇ.